ಆನೆಕಾಲು ರೋಗದ ದೀರ್ಘಕಾಲದ ಬಾವು ಮತ್ತು ಅಂಗಾಂಶಗಳಲ್ಲಿ ಆಮ್ಲಜನಕದ ಕೊರತೆ: ಸಾರ್ವಜನಿಕರಿಗೆ ಮಾಹಿತಿ

ಆನೆಕಾಲು ರೋಗದಿಂದ ಕಾಲು ಬಾತುಕೊಂಡಿರುವವರು ಹಾಗೂ ಅವರ ಕುಟುಂಬದವರು ಸರ್ಕಾರಿ ಸೌಲಭ್ಯಗಳಿಗಾಗಿ ಅರ್ಜಿ ಸಲ್ಲಿಸಲು ಬಂದಾಗ ಸಾಮಾನ್ಯವಾಗಿ ಕೇಳುವ ಪ್ರಶ್ನೆಯೊಂದಿದೆ. ಮಾತ್ರೆ ನುಂಗಿಯಾಗಿದೆ, ರಕ್ತಪರೀಕ್ಷೆಯಲ್ಲಿ ಹುಳು ಕಂಡುಬಂದಿಲ್ಲವೆಂದು ವರದಿಯೂ ಬಂದಿದೆ. ಹೀಗಿದ್ದರೂ ಬಾವು ಇಳಿಯದೆ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತ ಹೋಗುವುದೇಕೆ? ಈ ಪ್ರಶ್ನೆ ಸಹಜವಾದುದು, ನ್ಯಾಯವಾದುದೂ ಹೌದು. ಹುಳು ಬಾವನ್ನು ಆರಂಭಿಸುತ್ತದೆಯೇ ಹೊರತು ಅದನ್ನು ಕೊನೆಯವರೆಗೆ ಬೆಳೆಸುವುದು ಹುಳುವೊಂದೇ ಅಲ್ಲ. ಬಾತ ಭಾಗದ ಒಳಗಡೆ ನಡೆಯುವ ಬದಲಾವಣೆಗಳು ಬಾವನ್ನು ಮುಂದುವರಿಸುತ್ತವೆ. ಅವುಗಳಲ್ಲಿ ಅಂಗಾಂಶಗಳಿಗೆ ಆಮ್ಲಜನಕ ಸಾಲದೆ ಹೋಗುವುದು ಒಂದು. ಈ ವಿಷಯವನ್ನು ಸರಳವಾಗಿ ವಿವರಿಸಿ, ಅದಕ್ಕೆ ಸಂಬಂಧಿಸಿದ ಆರೈಕೆ ಹಾಗೂ ಸೌಲಭ್ಯಗಳ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ರೋಗದ ಹಿನ್ನೆಲೆ

ಆನೆಕಾಲು ರೋಗವು ನಮ್ಮ ದೇಶದಲ್ಲಿ ಬಹುಪಾಲು ವುಚೆರೇರಿಯ ಬ್ಯಾಂಕ್ರಾಫ್ಟಿ ಎಂಬ ನೂಲಿನಂತಹ ಹುಳುವಿನಿಂದ ಬರುತ್ತದೆ. ಕೊಳಕು ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆಯು ಇದನ್ನು ಒಬ್ಬರಿಂದ ಮತ್ತೊಬ್ಬರಿಗೆ ಹರಡುತ್ತದೆ. ರೋಗಿಯ ರಕ್ತದಲ್ಲಿ ಹುಳುವಿನ ಮರಿಗಳಿರುವುದನ್ನು 1872ರಲ್ಲಿ ಕಲ್ಕತ್ತೆಯಲ್ಲಿ ಟಿಮೊತಿ ಲೂಯಿಸ್ ಎಂಬ ವೈದ್ಯರು ಗುರುತಿಸಿದರು. ಸೊಳ್ಳೆಯ ದೇಹದಲ್ಲಿ ಆ ಮರಿಗಳು ಬೆಳೆಯುತ್ತವೆಂಬುದನ್ನು 1877ರಲ್ಲಿ ಚೀನಾದ ಅಮೋಯ್ ಪಟ್ಟಣದಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಕಂಡುಹಿಡಿದರು. ಮರಿಗಳು ರಾತ್ರಿ ವೇಳೆಯಲ್ಲಿಯೇ ಹೆಚ್ಚಾಗಿ ಹೊರಮೈಯ ರಕ್ತಕ್ಕೆ ಬರುವುದರಿಂದ ಸಮೀಕ್ಷಾ ತಂಡದವರು ರಾತ್ರಿ ಹೊತ್ತು ಮನೆಗೆ ಬಂದು ರಕ್ತಲೇಪನ ತೆಗೆಯುತ್ತಾರೆ. ಇದರ ಬಗ್ಗೆ ಸಂಶಯಪಡಬೇಕಾದ ಕಾರಣವಿಲ್ಲ.

ಭಾರತದಲ್ಲಿ ಈ ರೋಗದ ನಿಯಂತ್ರಣ ಕಾರ್ಯಕ್ರಮವು 1955ರಲ್ಲಿ ಆರಂಭವಾಯಿತು. 2004ರಿಂದ ರೋಗಪೀಡಿತ ಜಿಲ್ಲೆಗಳಲ್ಲಿ ಎಲ್ಲರಿಗೂ ಒಮ್ಮೆಲೇ ಮಾತ್ರೆ ನೀಡುವ ಸಾಮೂಹಿಕ ಔಷಧ ಸೇವನೆ ಕಾರ್ಯಕ್ರಮವು ಜಾರಿಗೆ ಬಂದಿತು. ಕರ್ನಾಟಕದಲ್ಲಿ ಕಲಬುರಗಿ, ಯಾದಗಿರಿ, ಬೀದರ್, ರಾಯಚೂರು, ವಿಜಯಪುರ, ಬಾಗಲಕೋಟೆ, ಉತ್ತರ ಕನ್ನಡ, ಉಡುಪಿ ಮತ್ತು ದಕ್ಷಿಣ ಕನ್ನಡ ಈ 9 ಜಿಲ್ಲೆಗಳನ್ನು ರೋಗಪೀಡಿತವೆಂದು ಗುರುತಿಸಲಾಗಿತ್ತು. ಮಾತ್ರೆಗಳಿಂದ ರೋಗದ ಹರಡುವಿಕೆ ತಗ್ಗುತ್ತದೆ. ಆದರೆ ಈಗಾಗಲೇ ಬಾತಿರುವ ಕಾಲಿನ ಹೊಣೆಯನ್ನು ಮಾತ್ರೆಯು ಹೊರಲಾರದು. ಕಾರ್ಯಕ್ರಮದ ಎರಡನೆಯ ಅಂಗವಾಗಿ ಬಾವಿನ ಆರೈಕೆಯನ್ನು ಸೇರಿಸಿರುವುದು ಈ ಕಾರಣಕ್ಕಾಗಿಯೇ.

ದುಗ್ಧನಾಳಗಳ ಕೆಲಸ

ರಕ್ತವು ಅತಿ ಸೂಕ್ಷ್ಮವಾದ ಲೋಮನಾಳಗಳ ಮೂಲಕ ಹಾಯುವಾಗ ಅದರ ದ್ರವಭಾಗದ ಒಂದಂಶವು ನಾಳದ ಗೋಡೆಯಿಂದ ಹೊರಗೆ ಜಿನುಗಿ ಜೀವಕೋಶಗಳ ನಡುವಿನ ಎಡೆಯನ್ನು ಸೇರುತ್ತದೆ. ಜೀವಕೋಶಗಳು ತಮಗೆ ಬೇಕಾದುದನ್ನು ಪಡೆದುಕೊಂಡ ಮೇಲೆ ಉಳಿಯುವ ದ್ರವವನ್ನೂ, ಅದರೊಡನೆ ಸೇರಿದ ಪ್ರೋಟೀನುಗಳನ್ನೂ ಮರಳಿ ರಕ್ತಕ್ಕೆ ಮುಟ್ಟಿಸುವುದು ದುಗ್ಧನಾಳಗಳ ಕೆಲಸ. ಈ ದ್ರವಕ್ಕೆ ದುಗ್ಧರಸವೆಂದು ಹೆಸರು. ಆರೋಗ್ಯವಂತ ವಯಸ್ಕರಲ್ಲಿ ದಿನಕ್ಕೆ ಸುಮಾರು 2ರಿಂದ 4 ಲೀಟರಿನಷ್ಟು ದುಗ್ಧರಸವು ಈ ಮಾರ್ಗವಾಗಿ ರಕ್ತಕ್ಕೆ ಹಿಂದಿರುಗುತ್ತದೆಂದು ಸಾಮಾನ್ಯವಾಗಿ ಲೆಕ್ಕ ಹಾಕಲಾಗುತ್ತದೆ. ಇದಕ್ಕೆ ಹೃದಯದಂತಹ ಪ್ರತ್ಯೇಕ ಪಂಪು ಇಲ್ಲ. ನಾಳದ ಗೋಡೆಯ ಸಂಕೋಚನ, ಅಕ್ಕಪಕ್ಕದ ಸ್ನಾಯುಗಳ ಒತ್ತುವಿಕೆ ಹಾಗೂ ಉಸಿರಾಟದಿಂದ ಎದೆಯೊಳಗೆ ಉಂಟಾಗುವ ಒತ್ತಡದ ಏರಿಳಿತ, ಇವುಗಳಿಂದ ದುಗ್ಧರಸ ಮೇಲೇರುತ್ತದೆ. ಕೆಳಕ್ಕೆ ಜಾರದಂತೆ ನಾಳದೊಳಗಿನ ಕವಾಟಗಳು ತಡೆಯುತ್ತವೆ.

ಬೆಳೆದ ಹುಳುಗಳು ದುಗ್ಧನಾಳಗಳೊಳಗೆ ವರ್ಷಗಟ್ಟಲೆ ವಾಸಿಸುತ್ತವೆ. ಅವುಗಳಿದ್ದೆಡೆ ನಾಳವು ಹಿಗ್ಗಿ ಕವಾಟಗಳು ಸರಿಯಾಗಿ ಮುಚ್ಚದಂತಾಗುತ್ತವೆ. ಆಮೇಲೆ ಹುಳು ಸತ್ತರೂ ಹಿಗ್ಗಿದ ನಾಳವು ಮೊದಲಿನಂತಾಗುವುದಿಲ್ಲ. ದಿನವಹಿ ಜಮೆಯಾಗುವಷ್ಟು ದ್ರವ ಖರ್ಚಾಗದಿದ್ದರೆ ಬಾಕಿ ಬೆಳೆಯುತ್ತ ಹೋಗುವುದು ಯಾವ ಲೆಕ್ಕದಲ್ಲಾದರೂ ಇರುವ ಸಂಗತಿ. ಕಾಲಿನಲ್ಲಿ ಆ ಬಾಕಿಗೇ ಬಾವು ಎನ್ನುತ್ತಾರೆ. ಇದರಲ್ಲಿ ನೀರಿನ ಜೊತೆಗೆ ಪ್ರೋಟೀನೂ ಉಳಿದುಕೊಳ್ಳುತ್ತದೆ. ಆ ಪ್ರೋಟೀನು ಮತ್ತಷ್ಟು ನೀರನ್ನು ತನ್ನತ್ತ ಸೆಳೆಯುತ್ತದೆ. ಇದೇ ಬಗೆಯ ಬಾವು ಹುಳುವಿನ ಸಂಬಂಧವೇ ಇಲ್ಲದೆಯೂ ಬರಬಹುದು. ಸ್ತನ ಕ್ಯಾನ್ಸರಿಗಾಗಿ ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆಸಿಕೊಂಡವರಲ್ಲಿ ಅಥವಾ ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಆ ಬದಿಯ ತೋಳು ಬಾತುಕೊಳ್ಳುವುದು ಇದಕ್ಕೆ ಉದಾಹರಣೆ.

ಆಮ್ಲಜನಕ ಕಡಿಮೆಯಾಗುವುದು ಹೇಗೆ

ರಕ್ತದಿಂದ ಜೀವಕೋಶಕ್ಕೆ ಆಮ್ಲಜನಕವನ್ನು ಹೊತ್ತೊಯ್ಯುವ ಬೇರೆ ವಾಹನವಿಲ್ಲ. ಲೋಮನಾಳದಿಂದ ಹೊರಬಂದ ಆಮ್ಲಜನಕವು ನಡುವಿನ ದ್ರವದಲ್ಲಿ ತಾನಾಗಿಯೇ ಹರಡಿಕೊಂಡು ಜೀವಕೋಶವನ್ನು ತಲುಪಬೇಕು. ಹೀಗೆ ಅದು ಸಾಗಬಲ್ಲ ದೂರ ಬಹಳ ಕಡಿಮೆ; ಒಂದು ಮಿಲಿಮೀಟರನ್ನು ಹತ್ತು ಭಾಗ ಮಾಡಿದರೆ ಅದರಲ್ಲಿ ಒಂದೆರಡು ಭಾಗದಷ್ಟು ಮಾತ್ರ. ದೇಹದಲ್ಲಿ ಲೋಮನಾಳಗಳು ಇಷ್ಟು ಒತ್ತೊತ್ತಾಗಿ ಹೆಣೆದುಕೊಂಡಿರುವುದಕ್ಕೆ ಕಾರಣವೂ ಇದೇ.

ಬಾವು ಬಂದಾಗ ಲೋಮನಾಳಕ್ಕೂ ಜೀವಕೋಶಕ್ಕೂ ನಡುವೆ ದ್ರವ ತುಂಬಿ ಆ ದೂರ ಹೆಚ್ಚುತ್ತದೆ. ಹೊಳೆ ತುಂಬಿದಾಗ ಎರಡು ದಡಗಳ ಅಂತರ ಹೆಚ್ಚುವಂತೆ ಎಂದು ತಿಳಿಯಬಹುದು. ನಾಳದಲ್ಲಿ ಹರಿಯುವ ರಕ್ತದಲ್ಲಿ ಆಮ್ಲಜನಕ ಸಾಕಷ್ಟಿದ್ದರೂ ಆಚೆ ದಡದ ಜೀವಕೋಶಕ್ಕೆ ಅದು ಪೂರ್ತಿಯಾಗಿ ಮುಟ್ಟುವುದಿಲ್ಲ. ಜೊತೆಗೆ, ಬಾತ ಭಾಗದಲ್ಲಿ ಉರಿಯೂತದ ಕಣಗಳು ಗುಂಪುಗೂಡಿ ಇರುವ ಆಮ್ಲಜನಕವನ್ನೇ ಹೆಚ್ಚಾಗಿ ಬಳಸಿಕೊಳ್ಳುತ್ತವೆ. ದಿನ ಕಳೆದಂತೆ ಅಲ್ಲಿ ಕೊಬ್ಬು ಬೆಳೆಯುತ್ತದೆ, ನಾರು ಕಟ್ಟುತ್ತದೆ. ಬೆಳೆದ ಕೊಬ್ಬಿಗೆ ತಕ್ಕಷ್ಟು ಹೊಸ ರಕ್ತನಾಳಗಳು ಬೆಳೆಯುವುದಿಲ್ಲ. ಪೂರೈಕೆ ತಗ್ಗಿ ಬೇಡಿಕೆ ಏರುವ ಈ ಸ್ಥಿತಿಗೆ ಅಂಗಾಂಶಗಳ ಆಮ್ಲಜನಕ ಕೊರತೆ ಎಂದು ಹೆಸರು.

ಮೆತ್ತಗಿನ ಬಾವು ಗಟ್ಟಿಯಾಗುವ ಬಗೆ

ಆಮ್ಲಜನಕ ಕಡಿಮೆಯಾದುದನ್ನು ಜೀವಕೋಶವು ಹೇಗೆ ಅರಿಯುತ್ತದೆಂಬುದು ಬಹುಕಾಲ ತಿಳಿದಿರಲಿಲ್ಲ. ಇದನ್ನು ಬಿಡಿಸಿದ ವಿಲಿಯಂ ಕೇಲಿನ್, ಪೀಟರ್ ರ್‍ಯಾಟ್‌ಕ್ಲಿಫ್ ಮತ್ತು ಗ್ರೆಗ್ ಸೆಮೆನ್ಜಾ ಅವರಿಗೆ 2019ರಲ್ಲಿ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು. ಅವರ ಸಂಶೋಧನೆಯ ಸಾರವಿಷ್ಟು: ಪ್ರತಿ ಜೀವಕೋಶವೂ ಹಿಫ್ ಎಂಬ ಪ್ರೋಟೀನನ್ನು ಸದಾ ತಯಾರಿಸುತ್ತಲೇ ಇರುತ್ತದೆ. ಆಮ್ಲಜನಕ ಸಾಕಷ್ಟಿರುವಾಗ ಆ ಪ್ರೋಟೀನಿಗೆ ಗುರುತು ಬಿದ್ದು ಕೆಲವೇ ನಿಮಿಷಗಳಲ್ಲಿ ಅದು ನಾಶವಾಗುತ್ತದೆ. ಆಮ್ಲಜನಕ ತಗ್ಗಿದರೆ ಗುರುತು ಹಾಕುವ ಕೆಲಸ ನಿಲ್ಲುತ್ತದೆ. ಹಿಫ್ ಉಳಿದುಕೊಂಡು ಜೀವಕೋಶದ ಕೇಂದ್ರವನ್ನು ಸೇರಿ, ಕೊರತೆಯನ್ನು ಎದುರಿಸಲು ಬೇಕಾದ ಹಲವಾರು ವಂಶವಾಹಿಗಳನ್ನು ಚಾಲನೆಗೊಳಿಸುತ್ತದೆ.

ಗಾಯವಾದಾಗ ಈ ವ್ಯವಸ್ಥೆ ಉಪಕಾರಿ. ಹೊಸ ರಕ್ತನಾಳಗಳೂ ದುಗ್ಧನಾಳಗಳೂ ಚಿಗುರುತ್ತವೆ, ಗಾಯ ಮಾಯುತ್ತದೆ, ಹಿಫ್ ತಗ್ಗುತ್ತದೆ. ಆದರೆ ದೀರ್ಘಕಾಲದ ಬಾವಿನಲ್ಲಿ ಕೊರತೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಮುಂದುವರಿಯುತ್ತದೆ. ಆಗ ಚಿಗುರಿದ ಹೊಸ ನಾಳಗಳು ಸೋರುವಂಥವಾಗಿದ್ದು ದ್ರವವನ್ನು ಮೇಲಕ್ಕೆ ಸಾಗಿಸುವ ಸಾಮರ್ಥ್ಯ ಪಡೆಯುವುದಿಲ್ಲ. ನಾರು ತಯಾರಿಸುವ ಕೋಶಗಳು ಕೊಲಾಜನ್ ಎಂಬ ನಾರನ್ನು ಅಳತೆ ಮೀರಿ ಹೆಣೆಯುತ್ತವೆ. ಆ ನಾರುಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಚರ್ಮ ದಪ್ಪವಾಗುತ್ತದೆ. ಉಳಿದಿದ್ದ ದುಗ್ಧನಾಳಗಳನ್ನೂ ಈ ನಾರು ಸುತ್ತುವರಿದು ಅವುಗಳ ಮಿಡಿತವನ್ನು ಕುಗ್ಗಿಸುತ್ತದೆ. ದ್ರವ ಇನ್ನಷ್ಟು ನಿಲ್ಲುತ್ತದೆ, ಆಮ್ಲಜನಕ ಇನ್ನಷ್ಟು ತಗ್ಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಮೇಲ್ಕಂಡ ವಿವರಗಳಲ್ಲಿ ಬಹಳಷ್ಟು ತಿಳಿದುಬಂದಿರುವುದು ಇಲಿಗಳ ಬಾಲದಲ್ಲಿ ದುಗ್ಧನಾಳಗಳನ್ನು ಕತ್ತರಿಸಿ ಬಾವು ಬರಿಸಿ ನಡೆಸಿದ ಪ್ರಯೋಗಗಳಿಂದ. ಹಿಫ್‌ನಲ್ಲಿಯೂ ಒಂದಕ್ಕಿಂತ ಹೆಚ್ಚು ಬಗೆಗಳಿದ್ದು, ಎಲ್ಲವೂ ಹಾನಿಕರವಲ್ಲ; ಒಂದು ಬಗೆಯು ದುಗ್ಧನಾಳಗಳನ್ನು ಕಾಪಾಡುತ್ತದೆಂಬ ಸೂಚನೆಗಳಿವೆ. ಆಮ್ಲಜನಕ ತಗ್ಗದಿದ್ದರೂ ಉರಿಯೂತವೊಂದೇ ಹಿಫ್ ಅನ್ನು ಏರಿಸಬಲ್ಲದು. ಆದ್ದರಿಂದ ಆಮ್ಲಜನಕದ ಕೊರತೆಯೇ ಬಾವಿಗೆ ಮೂಲಕಾರಣವೆಂದು ಯಾರಾದರೂ ಹೇಳಿದರೆ ಅದು ಸರಿಯಲ್ಲ. ದ್ರವ ನಿಲ್ಲುವಿಕೆ, ಉರಿಯೂತ, ಆಮ್ಲಜನಕದ ಕೊರತೆ, ನಾರುಗಟ್ಟುವಿಕೆ ಇವು ಒಂದನ್ನೊಂದು ಬೆಳೆಸುವ ಸರಪಳಿಯ ಕೊಂಡಿಗಳು.

ಈ ಸರಪಳಿಯ ಪರಿಣಾಮವನ್ನು ರೋಗದ ಹಂತಗಳಲ್ಲಿ ನೇರವಾಗಿ ಕಾಣಬಹುದು. ಆನೆಕಾಲಿನ ಬಾವನ್ನು 7 ಹಂತಗಳಾಗಿ ವಿಂಗಡಿಸುವ ಪದ್ಧತಿ ಬಳಕೆಯಲ್ಲಿದೆ. ಮೊದಲ ಹಂತದಲ್ಲಿ ಸಂಜೆ ಬಂದ ಬಾವು ರಾತ್ರಿ ಮಲಗಿ ಏಳುವಷ್ಟರಲ್ಲಿ ಇಳಿದಿರುತ್ತದೆ. ಎರಡನೆಯ ಹಂತದಲ್ಲಿ ಬೆಳಗಾದರೂ ಇಳಿಯುವುದಿಲ್ಲ. ಮುಂದಿನ ಹಂತಗಳಲ್ಲಿ ಚರ್ಮದ ಮಡಿಕೆಗಳು, ಗಂಟುಗಳು, ಆಳವಾದ ಮಡಿಕೆಗಳು, ಪಾಚಿಯಂತಹ ಬೆಳವಣಿಗೆಗಳು ಕಾಣಿಸಿಕೊಂಡು, ಏಳನೆಯ ಹಂತದಲ್ಲಿ ರೋಗಿಯು ತನ್ನ ದಿನನಿತ್ಯದ ಕೆಲಸವನ್ನೂ ಮಾಡಿಕೊಳ್ಳಲಾರದಂತಾಗುತ್ತದೆ. ಮೊದಲ ಹಂತದ ಬಾವಿನಲ್ಲಿ ಇರುವುದು ಬಹುತೇಕ ದ್ರವ; ಕಾಲನ್ನು ಎತ್ತರಿಸಿದರೆ ಅದು ಹರಿದುಹೋಗುತ್ತದೆ. ನಾರು ಮತ್ತು ಕೊಬ್ಬು ಹಾಗೆ ಹರಿದುಹೋಗುವಂಥವಲ್ಲ. ಹೆಚ್ಚಿನವರು ಆಸ್ಪತ್ರೆಗೆ ಬರುವುದು ನಾಚಿಕೆಯಿಂದಲೋ, ದಿನಗೂಲಿ ತಪ್ಪುವುದೆಂಬ ಭಯದಿಂದಲೋ ಮೂರನೆಯ ನಾಲ್ಕನೆಯ ಹಂತದಲ್ಲಿ. ಸಂಜೆ ಚಪ್ಪಲಿಯ ಪಟ್ಟಿ ಬಿಗಿಯಾಗುವುದು, ಕಾಲುಂಗುರ ಅಥವಾ ಕಾಲ್ಗೆಜ್ಜೆ ಚರ್ಮಕ್ಕೆ ಒತ್ತಿಕೊಳ್ಳುವುದು ಮುಂತಾದ ಸಣ್ಣ ಸೂಚನೆಗಳು ಕಂಡ ಕೂಡಲೇ ಬಂದು ತೋರಿಸಿಕೊಂಡಲ್ಲಿ ಪ್ರಯೋಜನ ಅತಿ ಹೆಚ್ಚು.

ಜ್ವರದ ದಾಳಿಗಳು

ಆನೆಕಾಲು ಇರುವವರಿಗೆ ಆಗಾಗ್ಗೆ ಚಳಿಜ್ವರ ಬಂದು, ಕಾಲು ಕೆಂಪಾಗಿ ಬಿಸಿಯೇರಿ, ತೊಡೆಸಂದಿನಲ್ಲಿ ಗೆಡ್ಡೆ ಕಟ್ಟುವುದುಂಟು. ಇದು ಹುಳುವಿನ ಜ್ವರವೆಂದು ತಿಳಿಯುವವರೇ ಹೆಚ್ಚು. ವಾಸ್ತವವಾಗಿ ಇವುಗಳಲ್ಲಿ ಬಹುಪಾಲು ಚರ್ಮದ ಬಿರುಕುಗಳ ಮೂಲಕ, ಅದರಲ್ಲಿಯೂ ಕಾಲ್ಬೆರಳ ಸಂದಿಯ ಹುಣ್ಣುಗಳ ಮೂಲಕ ಒಳಸೇರಿದ ಬ್ಯಾಕ್ಟೀರಿಯಾಗಳಿಂದ ಬರುವಂಥವು. ಬಿಳಿ ರಕ್ತಕಣಗಳು ತಾವು ನುಂಗಿದ ಬ್ಯಾಕ್ಟೀರಿಯಾವನ್ನು ಕೊಲ್ಲಲು ಆಮ್ಲಜನಕದಿಂದ ಸಿದ್ಧಪಡಿಸಿದ ತೀಕ್ಷ್ಣ ರಾಸಾಯನಿಕಗಳನ್ನು ಬಳಸುತ್ತವೆ. ಆಮ್ಲಜನಕ ಸಾಲದ ಕಾಲಿನಲ್ಲಿ ಈ ಆಯುಧ ಮೊಂಡಾಗುತ್ತದೆ. ಗಾಯ ಮಾಯಲು ಬೇಕಾದ ಒಳ್ಳೆಯ ನಾರು ಹೆಣೆಯುವುದಕ್ಕೂ ಆಮ್ಲಜನಕ ಬೇಕು. ಹೀಗಾಗಿ ಬೇರೆಯವರಿಗೆ ಎರಡು ದಿನದಲ್ಲಿ ಒಣಗುವ ಸಣ್ಣ ಗೀರು ಈ ಕಾಲಿನಲ್ಲಿ ವಾರಗಟ್ಟಲೆ ಹಸಿಯಾಗಿ ಉಳಿಯುತ್ತದೆ. ಪ್ರತಿಯೊಂದು ದಾಳಿಯೂ ಅಳಿದುಳಿದ ದುಗ್ಧನಾಳಗಳಿಗೆ ಇನ್ನಷ್ಟು ಪೆಟ್ಟು ಕೊಟ್ಟು ಹೋಗುತ್ತದೆ.

ಪಲ್ಸ್ ಆಕ್ಸಿಮೀಟರ್ ಮತ್ತು ಆಮ್ಲಜನಕ ಚಿಕಿತ್ಸೆಯ ಬಗ್ಗೆ

2020 ಮತ್ತು 2021ರ ಕೋವಿಡ್ ಸಂದರ್ಭದಲ್ಲಿ ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಉಪಕರಣವು ಬಹಳಷ್ಟು ಮನೆಗಳಿಗೆ ಬಂದಿತು. ಅದು ತೋರಿಸುವುದು ಅಪಧಮನಿಯ ರಕ್ತದಲ್ಲಿರುವ ಆಮ್ಲಜನಕದ ಪ್ರಮಾಣವನ್ನು. ಅದರಲ್ಲಿ ಶೇಕಡಾ 98 ಎಂದು ಬಂದ ಮಾತ್ರಕ್ಕೆ ಬಾತ ಕಾಲಿನ ಚರ್ಮದಡಿಯ ಜೀವಕೋಶಗಳಿಗೆ ಆಮ್ಲಜನಕ ತಲುಪುತ್ತಿದೆಯೆಂದು ಅರ್ಥವಲ್ಲ. ಕೊರತೆ ಇರುವುದು ರಕ್ತದಲ್ಲಲ್ಲ, ರಕ್ತದಿಂದಾಚೆಗಿನ ದಾರಿಯಲ್ಲಿ.

ಹಾಗಾದರೆ ಆಮ್ಲಜನಕವನ್ನು ಹೆಚ್ಚಾಗಿ ಕೊಟ್ಟರೆ ಬಾವು ಇಳಿಯಬಹುದಲ್ಲವೇ ಎಂಬ ಯೋಚನೆ ತಜ್ಞರಿಗೂ ಬಂದಿತ್ತು. ಅಧಿಕ ಒತ್ತಡದ ಕೊಠಡಿಯಲ್ಲಿ ಕುಳ್ಳಿರಿಸಿ ಶುದ್ಧ ಆಮ್ಲಜನಕ ಉಸಿರಾಡಿಸುವ ಚಿಕಿತ್ಸೆಯನ್ನು, ಸ್ತನ ಕ್ಯಾನ್ಸರಿನ ವಿಕಿರಣ ಚಿಕಿತ್ಸೆಯ ನಂತರ ತೋಳು ಬಾತಿದ್ದ ಮಹಿಳೆಯರಲ್ಲಿ ಬ್ರಿಟನ್ನಿನ ವೈದ್ಯರು ಪರೀಕ್ಷಿಸಿದರು. 2004ರಲ್ಲಿ ಪ್ರಕಟವಾದ, ಹೋಲಿಕೆಯ ಗುಂಪಿಲ್ಲದ ಸಣ್ಣ ಅಧ್ಯಯನವೊಂದು ಆಸೆ ಹುಟ್ಟಿಸಿತು. ಆದರೆ ಚಿಕಿತ್ಸೆ ಪಡೆದವರನ್ನು ಪಡೆಯದವರೊಡನೆ ಹೋಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋಳಿನ ಬಾವಿಗೆ ಪ್ರಯೋಜನ ಕಂಡುಬರಲಿಲ್ಲ. ಆನೆಕಾಲು ಬಾವಿನ ಆರೈಕೆಯ ಅಧಿಕೃತ ಕಾರ್ಯಕ್ರಮದಲ್ಲಿ ಈ ಚಿಕಿತ್ಸೆ ಸೇರಿಲ್ಲ. ಆಮ್ಲಜನಕದ ಹೆಸರಿನಲ್ಲಿ ಮಾರಾಟಕ್ಕಿರುವ ದುಬಾರಿ ಚಿಕಿತ್ಸೆಗಳಿಗಾಗಿ ಒಡವೆ ಅಡವಿಟ್ಟು, ಸಾಲ ಮಾಡಿ ಹಣ ಕಟ್ಟುವ ಮೊದಲು ಸರ್ಕಾರಿ ಆಸ್ಪತ್ರೆಯ ವೈದ್ಯಾಧಿಕಾರಿಗಳನ್ನು ವಿಚಾರಿಸತಕ್ಕದ್ದು.

ಆರೈಕೆ ಮತ್ತು ಅದರ ಕಾರಣ

ದಾರಿ ದೂರವಾಗಿದ್ದರೆ ದಾರಿಯನ್ನು ಕಿರಿದು ಮಾಡುವುದೇ ಉಪಾಯ. ಬಾವಿನ ದ್ರವವನ್ನು ಇಳಿಸಿದಷ್ಟೂ ಲೋಮನಾಳ ಮತ್ತು ಜೀವಕೋಶ ಹತ್ತಿರವಾಗುತ್ತವೆ. ಕುಳಿತಾಗ ಹಾಗೂ ಮಲಗಿದಾಗ ಕಾಲನ್ನು ದಿಂಬಿನ ಅಥವಾ ಮಡಿಸಿದ ಕಂಬಳಿಯ ಮೇಲೆ ಎತ್ತರಿಸಿಡುವುದು, ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಹಿಮ್ಮಡಿ ಎತ್ತಿ ಇಳಿಸುವುದು, ನಿಧಾನವಾಗಿ ಆಳವಾಗಿ ಉಸಿರಾಡುವುದು ಇವೆಲ್ಲ ದುಗ್ಧರಸವನ್ನು ಮೇಲಕ್ಕೆ ನೂಕುತ್ತವೆ. ಮೀನಖಂಡದ ಸ್ನಾಯುವೇ ಇಲ್ಲಿ ಪಂಪು. ಹೃದಯರೋಗವುಳ್ಳವರು ಕಾಲನ್ನು ಎತ್ತರಿಸಿ ಮಲಗುವ ಮುನ್ನ ವೈದ್ಯರನ್ನು ಕೇಳಬೇಕು. ಪಟ್ಟಿ ಕಟ್ಟುವುದನ್ನು ತರಬೇತಿ ಪಡೆದವರಿಂದ ಕಲಿತು ಮಾಡಬೇಕು. ಕಾಲಿನ ಅಪಧಮನಿಯಲ್ಲಿ ರಕ್ತಸಂಚಾರ ಕಡಿಮೆಯಿರುವವರಿಗೆ, ಮುಖ್ಯವಾಗಿ ಮಧುಮೇಹಿಗಳಿಗೆ ಹಾಗೂ ಧೂಮಪಾನಿಗಳಿಗೆ, ಬಿಗಿಯಾದ ಪಟ್ಟಿಯು ಇರುವ ಆಮ್ಲಜನಕವನ್ನೂ ತಡೆಯಬಹುದು. ಪಟ್ಟಿ ಕಟ್ಟಿದ ಮೇಲೆ ಬೆರಳು ನೀಲಿಯಾದರೆ ಅಥವಾ ಜೋಮು ಹಿಡಿದರೆ ತಕ್ಷಣ ಬಿಚ್ಚಬೇಕು. ಬೀಡಿ, ಸಿಗರೇಟು ಸೂಕ್ಷ್ಮ ರಕ್ತನಾಳಗಳನ್ನು ಸಂಕುಚಿಸಿ ಆಮ್ಲಜನಕವನ್ನು ಮತ್ತಷ್ಟು ತಗ್ಗಿಸುತ್ತವೆ.

ಎಲ್ಲಕ್ಕಿಂತ ಮುಖ್ಯವಾದುದು ಕಾಲನ್ನು ತೊಳೆಯುವುದು. ಇದು ತೀರ ಸಾಮಾನ್ಯವೆಂದು ಕಂಡು ಅನೇಕರು ಕಡೆಗಣಿಸುತ್ತಾರೆ. ದಿನಕ್ಕೊಮ್ಮೆಯಾದರೂ ಸಾಧಾರಣ ಸೋಪು ಮತ್ತು ಸ್ವಚ್ಛವಾದ ತಣ್ಣೀರಿನಿಂದ ಬೆರಳ ಸಂದಿಗಳನ್ನೂ ಮಡಿಕೆಗಳನ್ನೂ ಬಿಡದೆ ತೊಳೆದು, ಒಣ ಬಟ್ಟೆಯಿಂದ ಒತ್ತಿ ಒರೆಸಬೇಕು, ಉಜ್ಜಬಾರದು. ತೇವ ಉಳಿದಲ್ಲಿ ಬೂಷ್ಟು ಸೋಂಕು ಬರುತ್ತದೆ, ಅದರಿಂದ ಬಿರುಕು, ಬಿರುಕಿನಿಂದ ಜ್ವರ. ಸಂದಿಗಳಲ್ಲಿ ಬಿಳಿಯಾಗಿ ತುರಿಕೆಯಿದ್ದರೆ ಆರೋಗ್ಯ ಕೇಂದ್ರದಲ್ಲಿ ನೀಡುವ ಮುಲಾಮು ಹಚ್ಚಬೇಕು. ಗದ್ದೆಗೆ ಹೋಗುವಾಗಲೂ ಹಿತವಾದ ಪಾದರಕ್ಷೆ ಬೇಕು. ಕಲಬುರಗಿ ಹಾಗೂ ಕೇರಳದ ಆಲಪ್ಪುಳ ಜಿಲ್ಲೆಗಳಲ್ಲಿ ರೋಗಿಗಳಿಗೆ ಚರ್ಮದ ಶುಚಿತ್ವ, ವ್ಯಾಯಾಮ, ಉಸಿರಾಟ ಮತ್ತು ಪಟ್ಟಿ ಕಟ್ಟುವುದನ್ನು ಮನೆಯಲ್ಲಿಯೇ ಮಾಡಿಕೊಳ್ಳಲು ಕಲಿಸಿ ನಡೆಸಿದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಾವು ಹಾಗೂ ಜ್ವರದ ದಾಳಿಗಳೆರಡೂ ತಗ್ಗಿದ್ದವು.

ಜ್ವರದ ದಾಳಿ ಇರುವಾಗ ವ್ಯಾಯಾಮವನ್ನೂ ಪಟ್ಟಿಯನ್ನೂ ನಿಲ್ಲಿಸಿ, ಕಾಲಿಗೆ ತಣ್ಣೀರಿನ ಬಟ್ಟೆ ಹಾಕಿ, ವಿಶ್ರಾಂತಿ ಪಡೆದು ವೈದ್ಯರನ್ನು ಕಾಣಬೇಕು. ಬಿಸಿ ಶಾಖ ಕೊಡುವುದು, ಬರೆ ಹಾಕುವುದು, ಬ್ಲೇಡಿನಿಂದ ಗೀರಿ ನೀರು ಬಿಡುವುದು ಸರ್ವಥಾ ಕೂಡದು. ಆಮ್ಲಜನಕವಿಲ್ಲದ ಚರ್ಮದ ಮೇಲಿನ ಸುಟ್ಟಗಾಯ ಮಾಯುವುದು ಎಷ್ಟು ಕಷ್ಟವೆಂಬುದನ್ನು ಮೇಲೆ ತಿಳಿಸಲಾಗಿದೆ. ಎರಡೂ ಕಾಲುಗಳು ಒಟ್ಟಿಗೆ ಬಾತಿದ್ದರೆ ಹೃದಯ, ಮೂತ್ರಪಿಂಡ ಅಥವಾ ಪಿತ್ತಜನಕಾಂಗದ ತೊಂದರೆಯೂ ಇರಬಹುದಾದ್ದರಿಂದ ಮೊದಲು ಆ ಪರೀಕ್ಷೆಗಳನ್ನು ಮಾಡಿಸಿಕೊಳ್ಳುವುದು ಒಳ್ಳೆಯದು.

ಸೌಲಭ್ಯಗಳು ಮತ್ತು ಅರ್ಜಿ

ರೋಗಪೀಡಿತ ಜಿಲ್ಲೆಗಳಲ್ಲಿ ಬಾವು ಇರುವವರ ಹೆಸರನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಪಟ್ಟಿಯಲ್ಲಿ ದಾಖಲಿಸಲಾಗುತ್ತದೆ. ಹೆಸರು ದಾಖಲಾಗದಿದ್ದವರು ಆಶಾ ಕಾರ್ಯಕರ್ತೆಯರ ಮೂಲಕ ಅಥವಾ ನೇರವಾಗಿ ಕೇಂದ್ರಕ್ಕೆ ಹೋಗಿ ದಾಖಲಿಸಿಕೊಳ್ಳಬೇಕು. ಕಾಲು ತೊಳೆಯುವ ವಿಧಾನದ ತರಬೇತಿ ಹಾಗೂ ಟಬ್ಬು, ಮಗ್ಗು, ಸೋಪು, ಟವೆಲು, ಮುಲಾಮು ಇರುವ ಆರೈಕೆ ಕಿಟ್ಟನ್ನು ಕಾರ್ಯಕ್ರಮದಡಿಯಲ್ಲಿ ಉಚಿತವಾಗಿ ನೀಡಲಾಗುತ್ತದೆ. ಇದೇ ರೋಗದಿಂದ ವೃಷಣ ಬಾವು ಬಂದ ಪುರುಷರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯ ಸೌಲಭ್ಯವಿದೆ. ಸಂಕೋಚದಿಂದ ಮುಚ್ಚಿಡುವ ಅಗತ್ಯವಿಲ್ಲ.

ಅಂಗವೈಕಲ್ಯ ಪ್ರಮಾಣಪತ್ರವನ್ನು ಕೋರುವವರು ಯುಡಿಐಡಿ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬೇಕು. ಅರ್ಜಿ ತುಂಬಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು. ಆನೆಕಾಲು ರೋಗ ಇದೆಯೆಂಬ ಕಾರಣ ಮಾತ್ರದಿಂದಲೇ ಪ್ರಮಾಣಪತ್ರ ದೊರೆಯುವುದಿಲ್ಲವೆಂಬುದನ್ನು ಅರ್ಜಿದಾರರು ಗಮನಿಸಬೇಕು. ರೋಗದಿಂದ ಚಲನೆಗೆ ಎಷ್ಟರಮಟ್ಟಿಗೆ ಅಡ್ಡಿಯಾಗಿದೆಯೆಂಬುದನ್ನು ವೈದ್ಯಕೀಯ ಪ್ರಾಧಿಕಾರವು ಪರೀಕ್ಷಿಸಿ ಶೇಕಡಾವಾರು ನಿಗದಿಪಡಿಸುತ್ತದೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ ಪ್ರಕಾರ ಮೀಸಲಾತಿಯೇ ಮುಂತಾದ ಹಲವು ಪ್ರಯೋಜನಗಳಿಗೆ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯ ಇರಬೇಕಾಗುತ್ತದೆ. ಆರೈಕೆ ಮಾಡಿಕೊಂಡು ಬಾವು ಇಳಿದರೆ ಪ್ರಮಾಣಪತ್ರ ಕೈತಪ್ಪುವುದೆಂದು ಹೆದರಿ ಕಾಲನ್ನು ಹಾಗೆಯೇ ಬಿಡುವವರೂ ಇದ್ದಾರೆಂಬುದು ವಿಷಾದದ ಸಂಗತಿ. ಗಟ್ಟಿಯಾದ ಬಾವು ಆರೈಕೆಯಿಂದ ಪೂರ್ತಿ ಮಾಯವಾಗುವುದಿಲ್ಲ. ಆರೈಕೆ ಬಿಟ್ಟರೆ ಹೆಚ್ಚುವುದು ಜ್ವರದ ದಿನಗಳು, ತಪ್ಪುವುದು ಕೂಲಿಯ ದಿನಗಳು. ಆರೈಕೆ ಕಿಟ್ಟಿಗೂ ತರಬೇತಿಗೂ ಯಾವ ಪ್ರಮಾಣಪತ್ರವೂ ಬೇಕಿಲ್ಲ.

ಪರೀಕ್ಷೆಗೆ ಹಾಜರಾಗುವಾಗ ಗುರುತಿನ ಮತ್ತು ವಿಳಾಸದ ದಾಖಲೆ, ಭಾವಚಿತ್ರ, ಹಿಂದಿನ ಚಿಕಿತ್ಸೆಯ ಚೀಟಿಗಳು ಹಾಗೂ ಜ್ವರದ ದಾಳಿ ಬಂದ ದಿನಾಂಕಗಳನ್ನು ಬರೆದಿಟ್ಟ ಹಾಳೆಯನ್ನು ತರುವುದು. ಪಟ್ಟಿ ಕಟ್ಟಿಕೊಂಡಿರುವವರು ಬಿಚ್ಚಿ ತೋರಿಸಿದ ಮೇಲೆ ಮತ್ತೆ ಕಟ್ಟಿಕೊಳ್ಳಲು ಸ್ವಚ್ಛವಾದ ಇನ್ನೊಂದು ಪಟ್ಟಿಯನ್ನು ಜೊತೆಯಲ್ಲಿಟ್ಟುಕೊಳ್ಳುವುದು.